ಖರೀದಿಯ ಊರಿಗೆ ಕುಟುಂಬದೊಡನೆ: ಮುಂಬಯಿಯ ಮೊದಲ ಕಿರುಪ್ರವಾಸದ ಯೋಜನೆ

ಹುಬ್ಬಳ್ಳಿ, ಗದಗ, ಬೆಳಗಾವಿ, ದಾವಣಗೆರೆಗಳ ಬಟ್ಟೆ, ಪಾತ್ರೆ, ವಿದ್ಯುತ್ ಸಾಮಗ್ರಿಗಳ ವರ್ತಕರಲ್ಲಿ ಮುಂಬಯಿಗೆ ಹೋಗದವರು ವಿರಳ. ಮುಂಬಯಿಯನ್ನು ನೋಡಿದವರೂ ಅಷ್ಟೇ ವಿರಳ. ವರ್ಷಕ್ಕೆ ಮೂರು ನಾಲ್ಕು ಬಾರಿ ಮಂಗಳದಾಸ್ ಮಾರುಕಟ್ಟೆಯಲ್ಲೋ ಲೋಹಾರ್ ಚಾಳಿನಲ್ಲೋ ಖರೀದಿ ಮುಗಿಸಿ ರಾತ್ರಿಯ ರೈಲು ಹಿಡಿಯುವ ವರ್ತಕರಿಗೆ, ಅಲ್ಲಿಂದ ಮೂರು ಕಿ.ಮೀ. ಆಸುಪಾಸಿನಲ್ಲಿರುವ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಹತ್ತು ನಿಮಿಷ ನಿಲ್ಲಲು ಬಿಡುವಾಗಿರುವುದಿಲ್ಲ. ಮನೆಯವರಿಗಂತೂ ಆ ನಗರವು ಬಿಲ್ಲುಗಳ ಮೇಲೆ ಮುದ್ರಿತವಾದ ಒಂದು ವಿಳಾಸ ಮಾತ್ರ.

ಇಂತಹ ವರ್ತಕರು ಎಂದೋ ಒಮ್ಮೆ ಪತ್ನಿ, ಮಕ್ಕಳು, ವೃದ್ಧ ತಾಯಿಯನ್ನು ಕರೆದುಕೊಂಡು ಹೊರಡಲು ನಿಶ್ಚಯಿಸುತ್ತಾರೆ. ಹೇಗೂ ಖರೀದಿಗೆ ಹೋಗಬೇಕು, ಜೊತೆಯಲ್ಲಿ ಎರಡು ದಿನ ಊರು ನೋಡಿಬಂದರಾಯಿತು ಎಂಬ ವಿಚಾರ ಸಹಜವಾದುದೇ. ಆದರೆ ಪೂರ್ವಯೋಜನೆಯಿಲ್ಲದ ಇಂತಹ ಪ್ರವಾಸದಲ್ಲಿ ಹಲವು ವೇಳೆ ಎರಡೂ ಕೆಡುತ್ತವೆ. ಪೇಢಿಯಲ್ಲಿ ಕುಳಿತಿರುವಾಗ ಹೊರಗೆ ಮಕ್ಕಳು ಕಾಯುತ್ತಿರುತ್ತಾರೆ. ಸಮುದ್ರತೀರದಲ್ಲಿ ನಿಂತಿರುವಾಗ ದಲಾಲರ ದೂರವಾಣಿ ಬರುತ್ತದೆ. ಅವಸರದಲ್ಲಿ ಆರಿಸಿದ ಮಾಲು ಇಡೀ ಹಂಗಾಮಿನಲ್ಲಿ ಕಪಾಟಿನಿಂದ ಇಳಿಯುವುದಿಲ್ಲ. ಇತ್ತ ಮನೆಯವರಿಗೆ ಜೀವಮಾನದಲ್ಲಿ ಒಮ್ಮೆ ದೊರೆತ ಅವಕಾಶವು ಟ್ಯಾಕ್ಸಿಯ ಕಿಟಕಿಯಲ್ಲೇ ಕಳೆದುಹೋಗುತ್ತದೆ. ಅಂಗಡಿಯ ದಾಸ್ತಾನಿಗೆ ತೋರುವ ಎಚ್ಚರವನ್ನೇ ಎರಡು ದಿನಗಳ ಗಂಟೆಗಳಿಗೂ ತೋರಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ವಾರದ ಲೆಕ್ಕ

ಯೋಜನೆಯನ್ನು ಸ್ಥಳಗಳ ಪಟ್ಟಿಯಿಂದ ಆರಂಭಿಸುವುದು ಸಾಮಾನ್ಯ ಪದ್ಧತಿ. ಪಂಚಾಂಗದಿಂದ ಆರಂಭಿಸುವುದು ಹೆಚ್ಚು ಲಾಭದಾಯಕ. ಯಾವ ಬಾಗಿಲು ಯಾವ ವಾರ ಮುಚ್ಚಿರುತ್ತದೆ ಎಂಬುದೇ ಇಲ್ಲಿ ನಿರ್ಣಾಯಕವಾದ ಅಂಶ.

ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನಕ್ಕೂ ಸೋಮವಾರವೇ ರಜೆ. ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವೂ ಸೋಮವಾರ ಮತ್ತು ಬ್ಯಾಂಕ್ ರಜಾದಿನಗಳಲ್ಲಿ ತೆರೆದಿರುವುದಿಲ್ಲ. ಭಾಯಖಳಾದ ಪ್ರಾಣಿಸಂಗ್ರಹಾಲಯ, ಅಂದರೆ ಜನರು ರಾಣಿಬಾಗ್ ಎಂದು ಕರೆಯುವ ಉದ್ಯಾನ, ಬುಧವಾರ ಮುಚ್ಚಿರುತ್ತದೆ. ಸಿದ್ಧಿವಿನಾಯಕ ದೇವಾಲಯದಲ್ಲಿ ಮಂಗಳವಾರದ ಸರದಿ ಗಂಟೆಗಟ್ಟಲೆ ಸಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಮಂಗಳದಾಸ್ ಮತ್ತು ಮೂಲಜಿ ಜೇಠಾ ಬಟ್ಟೆ ಮಾರುಕಟ್ಟೆಗಳ ಸಗಟು ವ್ಯಾಪಾರ ಭಾನುವಾರ ಇರುವುದಿಲ್ಲ.

ಈ ಕೆಲವೇ ಸಂಗತಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಉತ್ತರ ತಾನಾಗಿಯೇ ಹೊರಬರುತ್ತದೆ. ಶುಕ್ರವಾರ ಊರು ಬಿಟ್ಟು, ಶನಿವಾರ ಮತ್ತು ಭಾನುವಾರ ಪ್ರೇಕ್ಷಣೀಯ ಸ್ಥಳಗಳನ್ನು ನೋಡಿ, ಸೋಮವಾರ ಖರೀದಿ ಮುಗಿಸಿ ಅದೇ ರಾತ್ರಿ ಮರಳುವುದು. ಸಂಗ್ರಹಾಲಯಗಳು ಮುಚ್ಚಿರುವ ದಿನ ಮಾರುಕಟ್ಟೆ ತೆರೆದಿರುತ್ತದೆ. ಮಾರುಕಟ್ಟೆ ಮುಚ್ಚಿರುವ ದಿನ ಗುಹೆಗಳು ತೆರೆದಿರುತ್ತವೆ. ಮೊದಲು ವ್ಯವಹಾರ, ಅನಂತರ ವಿಹಾರ ಎಂಬ ಹಿರಿಯರ ಮಾತನ್ನು ನಂಬಿ ಶನಿವಾರ ಖರೀದಿಗೆ ಕುಳಿತವರು ಸೋಮವಾರ ಬೆಳಗ್ಗೆ ಗೇಟ್‌ವೇ ಧಕ್ಕೆಗೆ ಬಂದು, ಗುಹೆಗಳಿಗೆ ಅಂದು ರಜೆಯೆಂದು ತಿಳಿದು ಹಿಂದಿರುಗಬೇಕಾಗುತ್ತದೆ. ಮಾತು ಒಳ್ಳೆಯದೇ, ವಾರ ಮಾತ್ರ ಹೊಂದುವುದಿಲ್ಲ.

ಭಾನುವಾರಕ್ಕೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಹೊರಗಿನವರು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಅಂದು ಲೋಕಲ್ ರೈಲುಗಳಲ್ಲಿ ನೌಕರರ ನೂಕುನುಗ್ಗಲು ಇಲ್ಲ, ನಿಜ. ಆದರೆ ಹಳಿಗಳ ದುರಸ್ತಿಗೆಂದು ಹಗಲಿನ ಹಲವು ಗಂಟೆಗಳ ಕಾಲ ಕೆಲವು ಮಾರ್ಗಗಳನ್ನು ಮುಚ್ಚುವ ಪದ್ಧತಿಯಿದೆ. ಅಲ್ಲಿನವರು ಇದನ್ನು ಮೆಗಾ ಬ್ಲಾಕ್ ಎನ್ನುತ್ತಾರೆ. ಯಾವ ಮಾರ್ಗದಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನು ರೈಲ್ವೆಯವರು ಮುಂಚಿತವಾಗಿ ಪ್ರಕಟಿಸುತ್ತಾರೆ. ಶನಿವಾರ ರಾತ್ರಿ ವಸತಿಗೃಹದಲ್ಲಿ ವಿಚಾರಿಸಿದರೂ ತಿಳಿಯುತ್ತದೆ.

ತಿಂಗಳಿನ ಆಯ್ಕೆಯೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಸಮುದ್ರ ಉಕ್ಕಿದಾಗ ಎಲಿಫೆಂಟಾ ದೋಣಿಗಳು ನಿಲ್ಲುತ್ತವೆ. ಭರತ ಮತ್ತು ಭಾರೀ ಮಳೆ ಒಟ್ಟಿಗೆ ಬಂದರೆ ತಗ್ಗು ಪ್ರದೇಶಗಳಲ್ಲಿ ನೀರು ನಿಂತು ಸಂಚಾರವೇ ಸ್ಥಗಿತಗೊಳ್ಳುತ್ತದೆ. ದಸರೆ ದೀಪಾವಳಿಗಳ ಮುಂಚಿನ ವಾರಗಳು ಖರೀದಿಯ ಭರಾಟೆಯ ಕಾಲ. ಆಗ ಕುಟುಂಬವನ್ನು ಕರೆದೊಯ್ಯುವುದು ಇಬ್ಬರಿಗೂ ಶಿಕ್ಷೆ. ಸಂಕ್ರಾಂತಿ ಕಳೆದ ಮೇಲೆ, ಮದುವೆಯ ಹಂಗಾಮಿನ ಖರೀದಿಯ ನೆಪದಲ್ಲಿ ಜನವರಿಯ ಕೊನೆ ಅಥವಾ ಫೆಬ್ರವರಿಯ ಒಂದು ವಾರಾಂತ್ಯವನ್ನು ಗುರುತಿಸಿಕೊಳ್ಳುವುದು ಒಳಿತು. ಸೆಕೆಯೂ ಕಡಿಮೆ, ಮಾರ್ಚ್ ತಿಂಗಳ ಲೆಕ್ಕಪತ್ರಗಳ ಒತ್ತಡವೂ ಇನ್ನೂ ತಲೆಯ ಮೇಲೆ ಬಂದಿರುವುದಿಲ್ಲ.

ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯು 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದೆ. ನಾಲ್ಕೈದು ಜನರ ಕುಟುಂಬ ಹೊರಡುವುದಾದರೆ ಅರವತ್ತನೆಯ ದಿನದ ಬೆಳಗ್ಗೆಯೇ ಹೋಗುವ ಟಿಕೆಟ್ ಮಾಡಿಸಿ, ಮರಳುವ ದಿನಕ್ಕೆ ಅವಕಾಶ ತೆರೆದೊಡನೆ ಆ ಟಿಕೆಟನ್ನೂ ಮಾಡಿಸತಕ್ಕದ್ದು. ಹೋಗುವ ಟಿಕೆಟ್ ಖಚಿತವಾಗಿ, ಬರುವ ಟಿಕೆಟ್ ನಿರೀಕ್ಷಣಾ ಪಟ್ಟಿಯಲ್ಲಿ ಉಳಿದರೆ ಎರಡು ದಿನಗಳ ಸಂತೋಷವೆಲ್ಲ ಅದರ ಚಿಂತೆಯಲ್ಲೇ ಕರಗಿಹೋಗುತ್ತದೆ.

ಗಂಟೆಗಳ ದಾಸ್ತಾನು

ಮುಂಬಯಿ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಚಾಚಿದ ನಗರ. ಚರ್ಚ್‌ಗೇಟಿನಿಂದ ಬೋರಿವಲಿಗೆ ಸುಮಾರು 34 ಕಿ.ಮೀ., ವಿರಾರಿಗೆ 60 ಕಿ.ಮೀ. ನಕಾಶೆಯಲ್ಲಿ ಬೆರಳಗಲದಷ್ಟು ಕಾಣುವ ಅಂತರ ರಸ್ತೆಯಲ್ಲಿ ಒಂದೂವರೆ ಗಂಟೆ ತಿನ್ನುತ್ತದೆ. ಒಂದು ಕುಟುಂಬವು ಬೆಳಗ್ಗೆ ಎಂಟಕ್ಕೆ ಹೊರಬಿದ್ದು ರಾತ್ರಿ ಎಂಟಕ್ಕೆ ಮರಳುವುದಾದರೆ ಕೈಯಲ್ಲಿರುವುದು ಹನ್ನೆರಡು ಗಂಟೆ. ಊಟ ಉಪಾಹಾರಗಳಿಗೆ ಎರಡೂವರೆ ಗಂಟೆ, ವೃದ್ಧರ ಮತ್ತು ಮಕ್ಕಳ ವಿಶ್ರಾಂತಿಗೆ ಒಂದೂವರೆ ಗಂಟೆ ಕಳೆದರೆ ಎಂಟು ಉಳಿಯುತ್ತವೆ. ಒಂದು ಬಡಾವಣೆಯಿಂದ ಮತ್ತೊಂದಕ್ಕೆ ಸ್ಥಳ ಬದಲಿಸಿದಾಗಲೆಲ್ಲ ಟ್ಯಾಕ್ಸಿ ಹುಡುಕುವುದೂ ಸೇರಿ ಒಂದು ಗಂಟೆ ಖರ್ಚು ಹಾಕಬೇಕು. ನಾಲ್ಕು ಬಾರಿ ಬದಲಿಸಿದರೆ ನೋಡಲು ಉಳಿಯುವುದು ಕೇವಲ ನಾಲ್ಕು ಗಂಟೆ.

ಒಂದೇ ದಿನದಲ್ಲಿ ಹದಿನೈದು ಸ್ಥಳಗಳನ್ನು ತೋರಿಸುವುದಾಗಿ ಹೇಳುವ ಪ್ರವಾಸಿ ಬಸ್ಸುಗಳ ಲೆಕ್ಕವೂ ಇದೇ. ಹೆಚ್ಚು ನಡೆಯಲಾಗದ ಹಿರಿಯರಿಗೆ ಅದರಿಂದ ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ಉಳಿದವರಿಗೆ ಅದು ಮಾಲು ನೋಡದೆ ಲೇಬಲ್ ಮಾತ್ರ ಓದಿದಂತೆ. ಆದುದರಿಂದ ಪ್ರಸಿದ್ಧಿಯ ಕ್ರಮದಲ್ಲಿ ಅಲ್ಲ, ಸಾಮೀಪ್ಯದ ಕ್ರಮದಲ್ಲಿ ಸ್ಥಳಗಳನ್ನು ಆರಿಸಬೇಕು. ದಿನಕ್ಕೊಂದು ಪ್ರದೇಶ, ಬಹಳವೆಂದರೆ ಎರಡು.

ಕೋಟೆಯೊಳಗಿನ ಒಂದು ದಿನ

ಮೊದಲ ಬಾರಿ ಬರುವ ವರ್ತಕ ಕುಟುಂಬಕ್ಕೆ ಆ ಒಂದು ಪ್ರದೇಶ ಯಾವುದು ಎಂದರೆ, ಫೋರ್ಟ್ ಎಂದು ನಿಸ್ಸಂದೇಹವಾಗಿ ಹೇಳಬಹುದು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದಿಂದ ಗೇಟ್‌ವೇವರೆಗಿನ ದಾರಿ ಸುಮಾರು ಎರಡೂವರೆ ಕಿ.ಮೀ. ಮಾತ್ರ. ಅದರ ಎರಡೂ ಬದಿಯಲ್ಲಿ ಈ ದೇಶದ ವಾಣಿಜ್ಯದ ಇತಿಹಾಸವೇ ಕಲ್ಲಿನಲ್ಲಿ ನಿಂತಿದೆ.

ನಿಲ್ದಾಣದ ಕಟ್ಟಡವು ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರ ವಿನ್ಯಾಸ. 1887ರಲ್ಲಿ ಪೂರ್ಣಗೊಂಡು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ಒಳಗಿನಿಂದ ಮಾತ್ರ ಕಂಡಿರುವ ವರ್ತಕರು ಒಮ್ಮೆ ಎದುರಿನ ಪಾದಚಾರಿ ಮಾರ್ಗದಲ್ಲಿ ನಿಂತು ನೋಡತಕ್ಕದ್ದು. ಅಲ್ಲಿಂದ ದಕ್ಷಿಣಕ್ಕೆ ನಡೆದರೆ ಹಾರ್ನಿಮನ್ ವೃತ್ತ. ಅದರ ಅಂಚಿನಲ್ಲಿ 1833ರ ಟೌನ್ ಹಾಲ್. 1850ರ ದಶಕದಲ್ಲಿ ಇದೇ ಟೌನ್ ಹಾಲಿನ ಮುಂದಿನ ಆಲದ ಮರದ ಕೆಳಗೆ ಕೆಲವು ದಲಾಲರು ಸೇರಿ ಷೇರುಗಳ ವ್ಯವಹಾರ ನಡೆಸುತ್ತಿದ್ದರು. ಆ ಗುಂಪು ಬೆಳೆಯುತ್ತ, ಸ್ಥಳ ಬದಲಿಸುತ್ತ 1875ರಲ್ಲಿ ಸಂಘವಾಗಿ ರೂಪುಗೊಂಡಿತು. ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರದ ಮೂಲ ಅದೇ. ದಲಾಲ್ ಬೀದಿಯ ಅದರ ಗೋಪುರಾಕಾರದ ಕಟ್ಟಡ ಕೆಲವೇ ನಿಮಿಷಗಳ ನಡಿಗೆಯಲ್ಲಿದೆ. ಒಳಗೆ ಹೋಗಲು ಪೂರ್ವಾನುಮತಿ ಬೇಕಾದುದರಿಂದ ಹೊರಗಿನಿಂದ ನೋಡಿ ಮುಂದುವರಿಯಬಹುದು. ಸಮೀಪದ ಫಿರೋಜ್‌ಷಾ ಮೆಹತಾ ರಸ್ತೆಯಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬೆಳೆದ ಮಕ್ಕಳಿಗೆ ಹಳೆಯ ನಾಣ್ಯ, ನೋಟುಗಳನ್ನು ತೋರಿಸಲು ಇದಕ್ಕಿಂತ ಉತ್ತಮವಾದ ಸ್ಥಳವಿಲ್ಲ. ತೆರೆದಿರುವ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಂಡಿರಬೇಕು.

ಹುತಾತ್ಮಾ ಚೌಕವನ್ನು ದಾಟಿ ಓವಲ್ ಮೈದಾನಕ್ಕೆ ಬಂದರೆ ಎದುರಿಗೆ ರಾಜಾಬಾಯಿ ಗೋಪುರ. 280 ಅಡಿ ಎತ್ತರದ ಈ ಗಡಿಯಾರ ಗೋಪುರದ ಕಥೆಯನ್ನು ಹತ್ತಿಯ ಸೀಮೆಯಿಂದ ಬಂದವರು ಅವಶ್ಯವಾಗಿ ತಿಳಿದಿರಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತುಹೋಯಿತು. ಭಾರತದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಅಂದಿನ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡ ಅಮೆರಿಕನ್ ಎಂದು ಹೆಸರಾಗಿದ್ದ ಅಲ್ಲಿನ ಹತ್ತಿ ಕುಮಟಾದಂತಹ ಬಂದರುಗಳ ಮೂಲಕ ಹೊರಹೋಗುತ್ತಿತ್ತು. ಮುಂಬಯಿಗೆ ಹರಿದುಬಂದ ಹಣವೆಲ್ಲ ಹೊಸ ಹೊಸ ಕಂಪನಿಗಳ ಷೇರುಗಳಿಗೆ ಸುರಿಯಲ್ಪಟ್ಟಿತು. ಆ ಕಾಲದ ಹತ್ತಿ ಮತ್ತು ಷೇರು ವ್ಯಾಪಾರದ ಅಗ್ರಗಣ್ಯರು ಪ್ರೇಮಚಂದ್ ರಾಯಚಂದ್. ವಿಶ್ವವಿದ್ಯಾಲಯಕ್ಕೆ ಗೋಪುರ ಕಟ್ಟಲು ಅವರು ಎರಡು ಲಕ್ಷ ರೂಪಾಯಿಗಳನ್ನು ಕೊಟ್ಟು, ತಾಯಿ ರಾಜಾಬಾಯಿಯವರ ಹೆಸರಿಡಬೇಕೆಂದು ಕೋರಿದರು. ದೃಷ್ಟಿ ಕಳೆದುಕೊಂಡಿದ್ದ, ಜೈನ ವ್ರತದಂತೆ ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡುತ್ತಿದ್ದ ಆ ತಾಯಿಗೆ ಹೊತ್ತು ತಿಳಿಯಲೆಂದು ಗಂಟೆ ಬಾರಿಸುವ ಗೋಪುರ ಕಟ್ಟಿಸಿದರೆಂಬ ಮಾತೂ ಪ್ರಚಲಿತವಾಗಿದೆ. 1865ರಲ್ಲಿ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು, ಷೇರುಗಳು ಕಾಗದವಾದವು, ಬ್ಯಾಂಕುಗಳು ಮುಳುಗಿದವು, ಪ್ರೇಮಚಂದರೂ ಅಪಾರ ನಷ್ಟ ಅನುಭವಿಸಿದರು. 1878ರಲ್ಲಿ ಗೋಪುರ ಪೂರ್ಣಗೊಂಡಿತು. ಸಂಪತ್ತು ಹೋದ ಮೇಲೂ ದಾನ ಮಾಡಿದ್ದು ನಿಂತಿತು. ಮಗನನ್ನು ಅಂಗಡಿಗೆ ಕೂರಿಸಬೇಕೆಂದಿರುವ ತಂದೆಗೆ ಆ ಮೈದಾನದ ಹುಲ್ಲಿನ ಮೇಲೆ ಅರ್ಧ ಗಂಟೆ ಕುಳಿತು ಈ ಕಥೆ ಹೇಳಲು ಸಾಕಷ್ಟು ಅವಕಾಶವಿದೆ.

ಅದೇ ಮೈದಾನದಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಹತ್ತೊಂಬತ್ತನೆಯ ಶತಮಾನದ ಗಾಥಿಕ್ ಶೈಲಿಯ ಉಚ್ಚ ನ್ಯಾಯಾಲಯ ಮತ್ತು ವಿಶ್ವವಿದ್ಯಾಲಯ. ಪಶ್ಚಿಮಕ್ಕೆ ನೋಡಿದರೆ ಇಪ್ಪತ್ತನೆಯ ಶತಮಾನದ ಆರ್ಟ್ ಡೆಕೊ ಶೈಲಿಯ ವಸತಿ ಕಟ್ಟಡಗಳು. ಈ ಎರಡು ಸಾಲುಗಳೂ 2018ರಲ್ಲಿ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಮುಂದೆ ಕಾಲಾ ಘೋಡಾದ ಬಳಿ, 1922ರಲ್ಲಿ ತೆರೆದ, ಮೊದಲು ಪ್ರಿನ್ಸ್ ಆಫ್ ವೇಲ್ಸ್ ಹೆಸರಿನಲ್ಲಿದ್ದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. ಇದಕ್ಕೆ ಕನಿಷ್ಠ ಎರಡು ಗಂಟೆ ಬೇಕು. ಬಿಸಿಲಿನ ಹೊತ್ತನ್ನು ಇಲ್ಲಿ ಕಳೆಯುವುದು ಜಾಣತನ. ಸಂಜೆ ನಾಲ್ಕರ ಹೊತ್ತಿಗೆ ಗೇಟ್‌ವೇ. 1911ರಲ್ಲಿ ಐದನೆಯ ಜಾರ್ಜ್ ಬಂದಿಳಿದುದರ ನೆನಪಿಗೆ ಕಟ್ಟಿ 1924ರಲ್ಲಿ ತೆರೆದ ಈ ಹೆಬ್ಬಾಗಿಲಿನ ಮೂಲಕವೇ 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ದೇಶ ಬಿಟ್ಟು ಹೋಯಿತು. ಸೂರ್ಯಾಸ್ತಕ್ಕೆ ಮರೀನ್ ಡ್ರೈವ್. ಇಲ್ಲಿಗೆ ಒಂದು ದಿನ ಮುಗಿಯಿತು. ಟ್ಯಾಕ್ಸಿಗೆ ಕೊಟ್ಟದ್ದು ಬಹಳವೆಂದರೆ ಎರಡು ಬಾರಿ.

ಎರಡನೆಯ ದಿನದ ಆಯ್ಕೆ

ಭಾನುವಾರ ಎಲಿಫೆಂಟಾ ಅಥವಾ ದೇವಾಲಯಗಳು. ಎರಡನ್ನೂ ಒಂದೇ ದಿನಕ್ಕೆ ತುರುಕುವುದು ಸಲ್ಲದು. ಎಲಿಫೆಂಟಾಕ್ಕೆ ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ, ಅನಂತರ ನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಹೋಗಿಬರಲು ಅರ್ಧ ದಿನಕ್ಕೆ ಕಡಿಮೆಯಾಗದು. ಮೂರು ಮುಖಗಳ ಆ ಬೃಹತ್ ಸದಾಶಿವ ಮೂರ್ತಿಯ ಮುಂದೆ ಆಯಾಸ ಮರೆತುಹೋಗುವುದೇನೋ ನಿಜ. ಆದರೆ ಬಾದಾಮಿಯ ಗುಹೆಗಳನ್ನು ಕಂಡಿರುವ, ಮೊಣಕಾಲು ನೋವಿನ ಹಿರಿಯರು ಜೊತೆಗಿರುವ ಕುಟುಂಬವು ಇದನ್ನು ಮತ್ತೊಂದು ಬಾರಿಗೆ ಉಳಿಸಿಕೊಂಡರೆ ತಪ್ಪಿಲ್ಲ. ಹೋಗುವವರು ಬೆಳಗಿನ ಮೊದಲ ದೋಣಿಗಳಲ್ಲೇ ಹೋಗಿ, ಪ್ರತಿಯೊಬ್ಬರೂ ಜೀವರಕ್ಷಕ ಜಾಕೆಟ್ ತೊಟ್ಟಿರುವುದನ್ನು ಖಾತ್ರಿ ಮಾಡಿಕೊಳ್ಳತಕ್ಕದ್ದು. 2024ರ ಡಿಸೆಂಬರ್ 18ರಂದು ಇದೇ ಮಾರ್ಗದ ಪ್ರಯಾಣಿಕರ ದೋಣಿಯೊಂದು ಅಪಘಾತಕ್ಕೀಡಾಗಿ ಹಲವರು ಪ್ರಾಣ ಕಳೆದುಕೊಂಡರು. ಜಾಕೆಟ್ ಇಲ್ಲದ ದೋಣಿಯನ್ನು ಏರದೆ ಮುಂದಿನದಕ್ಕೆ ಕಾಯುವುದರಿಂದ ನಷ್ಟವಾಗುವುದು ಅರ್ಧ ಗಂಟೆ ಮಾತ್ರ.

ದೇವಾಲಯಗಳ ದಾರಿ ಹಿಡಿಯುವವರಿಗೆ ಮೆಟ್ರೋದಿಂದ ದೊಡ್ಡ ಉಪಕಾರವಾಗಿದೆ. ನಗರದ ನೆಲದಡಿಯ ಮೂರನೆಯ ಮಾರ್ಗವು 2025ರ ಅಕ್ಟೋಬರ್‌ನಲ್ಲಿ ದಕ್ಷಿಣದ ಕಫ್ ಪರೇಡ್‌ವರೆಗೆ ಪೂರ್ಣವಾಗಿ ತೆರೆದಿದೆ. ಹುತಾತ್ಮಾ ಚೌಕ, ಶಿವಾಜಿ ಟರ್ಮಿನಸ್, ಕಾಲ್ಬಾದೇವಿ, ಮಹಾಲಕ್ಷ್ಮೀ, ಸಿದ್ಧಿವಿನಾಯಕ, ದಾದರ್, ವಿಮಾನ ನಿಲ್ದಾಣ ಎಲ್ಲವೂ ಒಂದೇ ಗೆರೆಯ ಮೇಲಿವೆ. ಖರೀದಿಯ ಹಳೆಯ ಅನುಭವವನ್ನೇ ನೆಚ್ಚಿಕೊಂಡು ಟ್ಯಾಕ್ಸಿ, ಲೋಕಲ್ ಎರಡನ್ನೇ ಬಲ್ಲ ವರ್ತಕರು ಇದನ್ನು ಗಮನಿಸಬೇಕು.

ಮಧ್ಯಾಹ್ನದ ಊಟಕ್ಕೆ ದಾದರಿನ ಆಚೆಯ ಮಾಟುಂಗಾ ಪ್ರಶಸ್ತ. ಅಲ್ಲಿನ ಉಡುಪಿ ಹೋಟೆಲುಗಳಲ್ಲಿ, 1942ರಲ್ಲಿ ಆರಂಭವಾದ ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಇವುಗಳಲ್ಲೊಂದು, ಬಾಳೆಯೆಲೆಯ ಊಟ ದೊರೆಯುತ್ತದೆ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇರುವುದೂ ಇದೇ ಮಾಟುಂಗಾದಲ್ಲಿ. ಎರಡು ದಿನ ಹಿಂದಿ, ಮರಾಠಿ ಕೇಳಿ ದಣಿದ ತಾಯಿಗೆ ಕನ್ನಡದಲ್ಲಿ ಅನ್ನ ಸಾರು ಕೇಳುವ ಸುಖವೂ ಪ್ರವಾಸದ ಒಂದು ಭಾಗವೇ.

ವಸತಿ, ಬಂಧುಗಳು ಮತ್ತು ಲೋಕಲ್ ರೈಲು

ವಸತಿಯಲ್ಲಿ ಉಳಿತಾಯ ಮಾಡಲು ಹೋಗಿ ಗಂಟೆಗಳನ್ನು ಕಳೆದುಕೊಳ್ಳುವುದು ಬಹಳ ಸಾಮಾನ್ಯವಾದ ತಪ್ಪು. ಅನೇಕರಿಗೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಸೋದರಮಾವನ ಮನೆಯೋ ಚಿಕ್ಕಮ್ಮನ ಮನೆಯೋ ಇರುತ್ತದೆ. ಹೋಟೆಲಿನಲ್ಲಿ ಇಳಿದರೆ ಅವರು ಬೇಸರಿಸುತ್ತಾರೆಂಬ ಸಂಕೋಚ. ಡೊಂಬಿವಲಿಯಿಂದ ಶಿವಾಜಿ ಟರ್ಮಿನಸ್‌ಗೆ ಸುಮಾರು 48 ಕಿ.ಮೀ. ಹೋಗಿ ಬರುವುದರಲ್ಲೇ ದಿನಕ್ಕೆ ಮೂರು ಗಂಟೆ ಕಳೆಯುತ್ತದೆ, ಅದೂ ಜನಸಂದಣಿಯಲ್ಲಿ. ಬಂಧುಗಳಿಗೆ ಮುಂಚಿತವಾಗಿ ಪತ್ರ ಅಥವಾ ಫೋನು ಮಾಡಿ, ಭಾನುವಾರ ಸಂಜೆ ಮಾಟುಂಗಾ ಅಥವಾ ದಾದರಿಗೆ ಅವರನ್ನೇ ಬರಮಾಡಿಕೊಳ್ಳುವುದು ಇಬ್ಬರ ಮರ್ಯಾದೆಗೂ ಒಪ್ಪುವ ಮಾರ್ಗ. ಎರಡು ರಾತ್ರಿಗಳ ವಸತಿಯನ್ನು ಫೋರ್ಟ್ ಅಥವಾ ಶಿವಾಜಿ ಟರ್ಮಿನಸ್ ಸುತ್ತಮುತ್ತ ಮಾಡಿಕೊಂಡರೆ ಪ್ರೇಕ್ಷಣೀಯ ಸ್ಥಳಗಳೂ ಸಮೀಪ, ಸೋಮವಾರದ ಮಾರುಕಟ್ಟೆಯೂ ಸಮೀಪ. ಹುಬ್ಬಳ್ಳಿಯಿಂದ ದಾದರಿಗೆ ಬರುವ ರೈಲಿನವರು ಮುಂಜಾನೆಯೇ ಇಳಿಯುತ್ತಾರೆ. ಹೆಚ್ಚಿನ ವಸತಿಗೃಹಗಳಲ್ಲಿ ಕೋಣೆ ದೊರೆಯುವುದು ಮಧ್ಯಾಹ್ನ. ಮುಂಚಿತವಾಗಿ ಕೋಣೆ ಕೊಡುವರೇ, ಅದಕ್ಕೆ ಎಷ್ಟು ಹಣ ಎಂಬುದನ್ನು ಕಾಯ್ದಿರಿಸುವಾಗಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಬಾಂದ್ರಾ ಮತ್ತು ಸಾಯನ್‌ಗಳ ದಕ್ಷಿಣಕ್ಕೆ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲ, ಟ್ಯಾಕ್ಸಿಗಳು ಮಾತ್ರ. ಲೋಕಲ್ ರೈಲನ್ನು ಮಕ್ಕಳಿಗೆ ಒಮ್ಮೆ ತೋರಿಸಲೇಬೇಕು ಎನ್ನುವುದಾದರೆ ಭಾನುವಾರ ಬೆಳಗ್ಗೆ ತೋರಿಸಬಹುದು. ಕೆಲಸದ ದಿನಗಳಲ್ಲಿ ಬೆಳಗ್ಗೆ ದಕ್ಷಿಣಕ್ಕೂ ಸಂಜೆ ಉತ್ತರಕ್ಕೂ ಹೋಗುವ ಗಾಡಿಗಳನ್ನು ಕುಟುಂಬಸಮೇತ ಏರುವ ಸಾಹಸ ಕೂಡದು. ಗಾಡಿ ನಿಲ್ಲುವುದು ಅರ್ಧ ನಿಮಿಷವೂ ಅಲ್ಲ. ಫಾಸ್ಟ್ ಗಾಡಿ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದೂ ಇಲ್ಲ. ಹೆಂಗಸರು ಬೇರೆ ಡಬ್ಬಿ ಹತ್ತುವುದಾದರೆ ಇಳಿಯುವ ನಿಲ್ದಾಣದ ಹೆಸರನ್ನೂ, ಒಬ್ಬರಿಗೊಬ್ಬರು ತಪ್ಪಿಹೋದರೆ ಎಲ್ಲಿ ನಿಂತಿರಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಸೋಮವಾರ

ಖರೀದಿಯ ದಿನ ಮನೆಯವರನ್ನು ಪೇಢಿಯಲ್ಲಿ ಕೂರಿಸಿಕೊಳ್ಳಬಾರದು. ಮಕ್ಕಳ ಮುಖ ನೋಡಿ ಅವಸರಪಡುವ ಗಿರಾಕಿಯನ್ನು ಎದುರಿನ ಗಾದಿಯಲ್ಲಿ ಕುಳಿತವರು ಕ್ಷಣದಲ್ಲಿ ಗುರುತಿಸುತ್ತಾರೆ. ಅಂದಿನ ದರ ಇಳಿಯುವುದಿಲ್ಲ. ಮಂಗಳದಾಸ್ ಮಾರುಕಟ್ಟೆಗೆ ಹೊಂದಿಕೊಂಡಂತೆಯೇ 1869ರ ಕ್ರಾಫರ್ಡ್ ಮಾರುಕಟ್ಟೆಯಿದೆ, ಝವೇರಿ ಬಜಾರ್ ಇದೆ, ತುಸು ಆಚೆ ಭುಲೇಶ್ವರ. ಮನೆಯವರಿಗೆ ಅರ್ಧ ದಿನ ಅಲ್ಲಿ ಕಳೆಯುವುದು ಕಷ್ಟವಲ್ಲ. ಕೈಗೆ ಇಷ್ಟು ಎಂದು ಹಣ ಕೊಟ್ಟು, ಎರಡು ಗಂಟೆಗೆ ಇಂತಹ ಸ್ಥಳದಲ್ಲಿ ಭೇಟಿ ಎಂದು ಗೊತ್ತುಮಾಡಿ, ಅಲ್ಲಿಯವರೆಗೆ ವರ್ತಕರು ನಿಶ್ಚಿಂತೆಯಿಂದ ಮಾಲು ನೋಡಬಹುದು.

ಕೊಂಡ ಮಾಲನ್ನು ಕುಟುಂಬದ ಚೀಲಗಳಲ್ಲಿ ತುಂಬಿ ಸಾಗಿಸುವ ಆಸೆ ಬೇಡ. ರಾಜ್ಯದಿಂದ ರಾಜ್ಯಕ್ಕೆ ಸಾಗುವ ₹50,000ಕ್ಕೂ ಮೇಲ್ಪಟ್ಟ ಮಾಲಿಗೆ ಇ-ವೇ ಬಿಲ್ ಅಗತ್ಯ. ಅದು ರೈಲಿನ ಸೀಟಿನ ಕೆಳಗಿದ್ದರೂ ಮಾಲೇ. ಎಂದಿನಂತೆ ಟ್ರಾನ್ಸ್‌ಪೋರ್ಟ್ ಮೂಲಕ ಕಳುಹಿಸುವುದು ಸುರಕ್ಷಿತ.

ಲೆಕ್ಕ ಬರೆಯುವ ಕ್ರಮ

ಇಡೀ ಪ್ರವಾಸದ ಖರ್ಚನ್ನು ಪ್ರಯಾಣ ವೆಚ್ಚದ ಖಾತೆಗೆ ಬರೆಯುವುದು ಮೇಲ್ನೋಟಕ್ಕೆ ಸುಲಭ, ಮುಂದೆ ತೊಡಕು. ವ್ಯವಹಾರಕ್ಕಾಗಿಯೇ ಆದ ವೆಚ್ಚ ಮಾತ್ರ ಲಾಭದಿಂದ ಕಳೆಯಲು ಅರ್ಹ. ಮನೆಯವರ ಪಾಲು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಪಾಲು ಮಾಡುವುದಕ್ಕೆ ಸರಳವಾದ ಪ್ರಶ್ನೆಯೊಂದಿದೆ: ಕುಟುಂಬ ಜೊತೆಗಿಲ್ಲದಿದ್ದರೆ ಎಷ್ಟು ಖರ್ಚಾಗುತ್ತಿತ್ತು?

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ದಿನಕ್ಕೆ ₹4,000 ಬಾಡಿಗೆಯ ಎರಡು ಕೋಣೆಗಳು, ಎರಡು ರಾತ್ರಿ: ಒಟ್ಟು ₹16,000. ದಿನಬಾಡಿಗೆ ₹7,500ರವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5. ಅದರಂತೆ ತೆರಿಗೆ ₹800, ಮೊತ್ತ ₹16,800. ವರ್ತಕರು ಒಬ್ಬರೇ ಬಂದಿದ್ದರೆ ಭಾನುವಾರ ಹೊರಟು ಸೋಮವಾರ ಬೆಳಗ್ಗೆ ಇಳಿದು, ಸ್ನಾನ ವಿಶ್ರಾಂತಿಗೆ ಒಂದು ದಿನದ ಮಟ್ಟಿಗೆ ಒಂದು ಕೋಣೆ ಹಿಡಿಯುತ್ತಿದ್ದರು. ಅದು ₹4,200. ಉಳಿದ ₹12,600 ಸ್ವಂತ ಖರ್ಚು. ಇದೇ ರೀತಿ ವರ್ತಕರ ಒಂದು ಟಿಕೆಟ್, ಸೋಮವಾರದ ಊಟ ಮತ್ತು ಟ್ಯಾಕ್ಸಿ ವ್ಯವಹಾರದ ಖಾತೆಗೆ; ಉಳಿದವರ ಟಿಕೆಟ್, ದೋಣಿ, ಸಂಗ್ರಹಾಲಯಗಳ ಖರ್ಚು ಸ್ವಂತಕ್ಕೆ.

ಹೋಟೆಲ್ ಬಿಲ್ಲಿನ ತೆರಿಗೆಯ ಹೂಡುವಳಿ ಜಮೆಯ ಬಗ್ಗೆ ವರ್ತಕರಲ್ಲಿ ತಪ್ಪು ಕಲ್ಪನೆಯಿದೆ. ಕರ್ನಾಟಕದ ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿದರೆ ಜಮೆ ದೊರೆಯುತ್ತದೆ ಎಂದು ಹಲವರು ನಂಬಿದ್ದಾರೆ. ವಸತಿ ಸೇವೆಯ ವಿಷಯದಲ್ಲಿ ಕಟ್ಟಡ ಇರುವ ಸ್ಥಳವೇ ಪೂರೈಕೆಯ ಸ್ಥಳ. ಮುಂಬಯಿಯ ಹೋಟೆಲು ಕೇಂದ್ರ ತೆರಿಗೆ ಮತ್ತು ಮಹಾರಾಷ್ಟ್ರ ರಾಜ್ಯ ತೆರಿಗೆಯನ್ನೇ ವಿಧಿಸುತ್ತದೆ. ಕರ್ನಾಟಕದಲ್ಲಿ ಮಾತ್ರ ನೋಂದಾಯಿತರಾದವರಿಗೆ ಅದರ ಜಮೆ ಸಿಗುವುದಿಲ್ಲ. ವ್ಯವಹಾರದ ಪಾಲಿನ ₹200ನ್ನು ವೆಚ್ಚದ ಭಾಗವಾಗಿ ಬರೆಯಬೇಕೇ ಹೊರತು ಜಮೆ ಪಡೆದು ಮುಂದೆ ಬಡ್ಡಿಯೊಡನೆ ಹಿಂದಿರುಗಿಸುವ ಸ್ಥಿತಿ ತಂದುಕೊಳ್ಳಬಾರದು. ಸ್ವಂತ ಉಪಯೋಗದ ಪಾಲಿಗಂತೂ ಜಮೆಯ ಪ್ರಶ್ನೆಯೇ ಏಳುವುದಿಲ್ಲ. ನಗದಿನ ವಿಷಯದಲ್ಲಿ, ಒಂದೇ ದಿನ ಒಬ್ಬರಿಗೇ ₹10,000ಕ್ಕಿಂತ ಹೆಚ್ಚು ನಗದು ಪಾವತಿಸಿದರೆ ಆ ವೆಚ್ಚ ತೆರಿಗೆ ಲೆಕ್ಕದಲ್ಲಿ ಮಾನ್ಯವಾಗುವುದಿಲ್ಲ. ಖರೀದಿಯ ಬಿಲ್ಲುಗಳಿಗೂ ಈ ಮಿತಿ ಅನ್ವಯಿಸುತ್ತದೆ.

ಕೋಣೆ ತೆರವು ಮಾಡುವಾಗ ಎರಡು ಕೋಣೆಗಳಿಗೆ ಪ್ರತ್ಯೇಕ ಬಿಲ್ಲುಗಳನ್ನು ಕೇಳಿ ಪಡೆಯಬೇಕು. ಹೊರಡುವ ಮುನ್ನವೇ ಎರಡು ಲಕೋಟೆಗಳನ್ನು ಇಟ್ಟುಕೊಂಡು, ಒಂದರ ಮೇಲೆ ಅಂಗಡಿ, ಇನ್ನೊಂದರ ಮೇಲೆ ಮನೆ ಎಂದು ಬರೆದು, ಚೀಟಿಗಳನ್ನು ಆಗಿಂದಾಗ್ಗೆ ಹಾಕುತ್ತಿದ್ದರೆ ಮಂಗಳವಾರ ಬೆಳಗ್ಗೆ ಗುಮಾಸ್ತರಿಗೆ ಕಿರ್ದಿ ಬರೆಯಲು ಹತ್ತು ನಿಮಿಷ ಸಾಕು.